ಊರು ಹೋಯಿತು, ಚರ್ಚು ಉಳಿಯಿತು: ವಾರಮ್ ಪರ್ಸಿಯ ಕಥೆ

ನಮ್ಮ ಕಂದಾಯ ದಾಖಲೆಗಳಲ್ಲಿ ಒಂದು ಪದವಿದೆ: ಬೇಚಿರಾಕ್. ಗ್ರಾಮಕ್ಕೆ ಹೆಸರಿರುತ್ತದೆ, ಸರ್ವೆ ನಂಬರುಗಳಿರುತ್ತವೆ, ನಕ್ಷೆಯಲ್ಲಿ ಎಲ್ಲೆಯೂ ಇರುತ್ತದೆ. ಆದರೆ ವಾಸದ ಮನೆ ಒಂದೂ ಇರುವುದಿಲ್ಲ. ಅಂಥ ಊರನ್ನು ದಾಖಲೆಯಲ್ಲಿ ಬೇಚಿರಾಕ್ ಎಂದು ಬರೆಯುತ್ತಾರೆ. ಪಾರಸಿ ಭಾಷೆಯಲ್ಲಿ 'ಬೇ' ಎಂದರೆ ಇಲ್ಲದ, 'ಚಿರಾಗ್' ಎಂದರೆ ದೀಪ. ದೀಪ ಹಚ್ಚುವವರಿಲ್ಲದ ಊರು ಎಂದರ್ಥ. ನಾವು ಆಡುಮಾತಿನಲ್ಲಿ ಹಾಳೂರು ಎನ್ನುತ್ತೇವೆ. ಹೊಲಗಳ ನಡುವೆ ಒಂಟಿಯಾಗಿ ನಿಂತ ಹನುಮಂತನ ಗುಡಿ, ಹೂಳು ತುಂಬಿದ ಬಾವಿ, ಉಳುವಾಗ ನೇಗಿಲಿಗೆ ಸಿಗುವ ಮಡಕೆಯ ಚೂರು, ಇಷ್ಟೇ ಅಲ್ಲಿ ಉಳಿದಿರುತ್ತದೆ. ಪಕ್ಕದ ಊರಿನವರು ವರ್ಷಕ್ಕೊಮ್ಮೆ ಹೋಗಿ ಆ ಗುಡಿಗೆ ಸುಣ್ಣ ಬಳಿದು, ಪೂಜೆ ಮಾಡಿ, ಹಣ್ಣುಕಾಯಿ ಮಾಡಿಸಿಕೊಂಡು ಬರುತ್ತಾರೆ.

ಇಂಥ ಹಾಳೂರುಗಳು ನಮ್ಮ ನಾಡಿನಲ್ಲಿ ಮಾತ್ರ ಇವೆ ಎಂದು ತಿಳಿಯಬೇಕಿಲ್ಲ. ಇಂಗ್ಲೆಂಡಿನಲ್ಲಿ ಮಧ್ಯಯುಗದಲ್ಲಿದ್ದು ಆಮೇಲೆ ಹಾಳಾದ ಹಳ್ಳಿಗಳು ಸುಮಾರು 3,000 ಎಂದು ಅಲ್ಲಿನ ಇತಿಹಾಸಕಾರರು ಎಣಿಸಿದ್ದಾರೆ. ಅವುಗಳಲ್ಲಿ ಬಹಳ ಹೆಸರಾದುದು ವಾರಮ್ ಪರ್ಸಿ. ಆ ಊರಿನಲ್ಲಿ ಇಂದು ನೆಲದ ಮೇಲೆ ಎದ್ದು ಕಾಣುವ ಹಳೆಯ ಕಟ್ಟಡವೆಂದರೆ ಸಂತ ಮಾರ್ಟಿನನ ಹೆಸರಿನ ಒಂದು ಚರ್ಚು. ಅದಕ್ಕೂ ಮಾಡಿಲ್ಲ, ಗೋಪುರದ ಒಂದು ಭಾಗ ಬಿದ್ದಿದೆ.

ನಮ್ಮ ಪ್ರೌಢಶಾಲೆಯ ಸಮಾಜ ವಿಜ್ಞಾನದಲ್ಲಿ ಮಧ್ಯಯುಗದ ಯೂರೋಪು, ಊಳಿಗಮಾನ್ಯ ಪದ್ಧತಿ ಎಂಬ ಪಾಠಗಳಿವೆ. ದೊರೆ, ಸಾಮಂತ, ಜೀತದ ರೈತ ಎಂದು ಕಪ್ಪು ಹಲಗೆಯ ಮೇಲೆ ಗೋಪುರದಂತೆ ಚಿತ್ರ ಬರೆದು ವಿವರಿಸುತ್ತೇವೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆ ಚಿತ್ರದ ತಳದಲ್ಲಿದ್ದ ರೈತ ಹೇಗೆ ಬದುಕಿದ, ಅವನ ಊರು ಹೇಗೆ ಬೆಳೆಯಿತು, ಹೇಗೆ ಅಳಿಯಿತು ಎನ್ನುವುದನ್ನು ತೋರಿಸಲು ಈ ಚರ್ಚಿನಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. ಶಾಲೆಯ ಐವತ್ತನೆಯ ವರ್ಷದ ಈ ಸಂಚಿಕೆಯಲ್ಲಿ ಇದನ್ನು ಬರೆಯಲು ಇನ್ನೊಂದು ಕಾರಣವೂ ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಊರು ಮತ್ತು ಪ್ಯಾರಿಷ್

ಉತ್ತರ ಇಂಗ್ಲೆಂಡಿನ ಯಾರ್ಕ್ ನಗರದಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ, ಸುಣ್ಣಕಲ್ಲಿನ ಬೋಳು ಗುಡ್ಡಗಳ ಸೀಮೆಯಲ್ಲಿ ವಾರಮ್ ಪರ್ಸಿ ಇದೆ. ಇಂದಿಗೂ ವಾಹನವನ್ನು ಮೇಲೆ ನಿಲ್ಲಿಸಿ ಮುಕ್ಕಾಲು ಮೈಲಿಯಷ್ಟು ಕಾಲುದಾರಿಯಲ್ಲಿ ಇಳಿದು ಹೋಗಬೇಕು. ಕೆಳಗೆ ಕಣಿವೆಯಲ್ಲಿ ಒಂದು ತೊರೆ, ಒಂದು ಕೊಳ, ಅದರ ಹತ್ತಿರ ಚರ್ಚು. ಪಕ್ಕದ ದಿಬ್ಬದ ಮೇಲೆ ರೈತರ ಮನೆಗಳ ಸಾಲುಗಳಿದ್ದವು. ಈಗ ಅಲ್ಲಿ ಹುಲ್ಲು ಬೆಳೆದಿದೆ. ಹುಲ್ಲಿನ ಕೆಳಗೆ ಮನೆಗಳ ತಳಪಾಯ, ಹಿತ್ತಿಲ ಬೇಲಿಯ ದಿಣ್ಣೆ, ಓಣಿಯ ತಗ್ಗು ಎಲ್ಲ ಹಾಗೆಯೇ ಉಳಿದಿವೆ. ಸಂಜೆಯ ಓರೆ ಬಿಸಿಲಿನಲ್ಲಿ ನೆರಳು ಉದ್ದವಾದಾಗ ಊರಿನ ನಕ್ಷೆಯೇ ನೆಲದ ಮೇಲೆ ಮೂಡುತ್ತದೆ.

1086ರಲ್ಲಿ ಇಂಗ್ಲೆಂಡಿನ ದೊರೆ ಮೊದಲನೆಯ ವಿಲಿಯಂ ದೇಶದ ಜಮೀನುಗಳ ಲೆಕ್ಕ ಬರೆಸಿದ. ಡೂಮ್ಸ್‌ಡೇ ಪುಸ್ತಕ ಎಂದು ಹೆಸರಾದ ಆ ದಾಖಲೆಯಲ್ಲಿ ವಾರಮ್ ಹೆಸರಿದೆ. ಅಂದರೆ ಊರು ಅದಕ್ಕಿಂತ ಹಳೆಯದು. 12ನೆಯ ಶತಮಾನದಲ್ಲಿ ಪರ್ಸಿ ಎಂಬ ಮನೆತನದವರು ಇಲ್ಲಿನ ಒಡೆಯರಾದರು, ಅವರ ಹೆಸರು ಊರಿಗೆ ಅಂಟಿಕೊಂಡಿತು. ನಮ್ಮಲ್ಲೂ ಎಷ್ಟೋ ಊರುಗಳ ಹೆಸರಿನಲ್ಲಿ ಹಳೆಯ ಪಾಳೆಯಗಾರನೋ ಇನಾಮುದಾರನೋ ಇಂದಿಗೂ ಕೂತಿದ್ದಾನಲ್ಲ, ಹಾಗೆ.

ರೈತನ ಮನೆ ಉದ್ದನೆಯದು. ಒಂದೇ ಮಾಡಿನ ಕೆಳಗೆ ಒಂದು ತುದಿಯಲ್ಲಿ ಸಂಸಾರ, ಇನ್ನೊಂದು ತುದಿಯಲ್ಲಿ ದನಕರು. ಮಲೆನಾಡಿನವರಿಗೂ ಬಯಲುಸೀಮೆಯವರಿಗೂ ಇದನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಮನೆಯ ಹಿಂದೆ ಹಿತ್ತಿಲು, ಅದರಾಚೆ ಎಲ್ಲರ ಪಟ್ಟೆಗಳೂ ಒಂದರ ಪಕ್ಕದಲ್ಲಿ ಒಂದಿದ್ದ ದೊಡ್ಡ ಬಯಲು ಹೊಲಗಳು. ರೈತ ತನ್ನ ಪಟ್ಟೆ ಉಳುವುದಲ್ಲದೆ ಒಡೆಯನ ಹೊಲದಲ್ಲೂ ಬಿಟ್ಟಿ ದುಡಿಯಬೇಕು. ಬೆಳೆದದ್ದರಲ್ಲಿ ಹತ್ತರಲ್ಲೊಂದು ಪಾಲನ್ನು ಚರ್ಚಿಗೆ ಕೊಡಬೇಕು. ಕಾಳು ಮಾತ್ರವಲ್ಲ, ಕುರಿಮರಿ, ಉಣ್ಣೆಗಳಲ್ಲೂ ಹತ್ತನೆಯ ಪಾಲು ಹೋಗುತ್ತಿತ್ತು.

ಇಲ್ಲಿ ಪ್ಯಾರಿಷ್ ಎಂಬ ಮಾತನ್ನು ತಿಳಿದುಕೊಳ್ಳಬೇಕು. ಒಂದು ಚರ್ಚಿಗೆ ಸೇರಿದ ಸೀಮೆಯೇ ಪ್ಯಾರಿಷ್. ಆ ಸೀಮೆಯಲ್ಲಿ ಹುಟ್ಟಿದ ಮಗುವಿಗೆ ಆ ಚರ್ಚಿನಲ್ಲೇ ದೀಕ್ಷಾಸ್ನಾನ, ಅಲ್ಲೇ ಮದುವೆ, ಸತ್ತರೆ ಅದರ ಅಂಗಳದಲ್ಲೇ ಮಣ್ಣು. ವಾರಮ್ ಪರ್ಸಿಯ ಪ್ಯಾರಿಷ್ ಒಂದೇ ಊರಿನದಾಗಿರಲಿಲ್ಲ. ಸುತ್ತಲಿನ ಥಿಕ್ಸೆಂಡೇಲ್, ರೇಸ್‌ಥಾರ್ಪ್, ಬರ್ಡೇಲ್, ಟೌಥಾರ್ಪ್ ಎಂಬ ಹಳ್ಳಿಗಳೂ ಇದೇ ಚರ್ಚಿಗೆ ಸೇರಿದ್ದವು. ಒಟ್ಟು ಐದು ಊರಿಗೆ ಒಂದು ಚರ್ಚು. ಒಂದೊಂದು ಹಳ್ಳಿಯಲ್ಲೂ ಪ್ರಾಥಮಿಕ ಶಾಲೆಯಿದ್ದು, ಎಲ್ಲರಿಗೂ ಸೇರಿ ಒಂದು ಪ್ರೌಢಶಾಲೆ ಇರುವ ನಮ್ಮ ವ್ಯವಸ್ಥೆಯನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಎರಡು ಭಾಗ, ಎರಡು ಹೊಣೆ

ಹಳ್ಳಿಯ ಚರ್ಚಿನ ಕಟ್ಟಡ ನೋಡಲು ಸರಳ. ಪೂರ್ವ-ಪಶ್ಚಿಮವಾಗಿ ಉದ್ದಕ್ಕೆ ಇರುತ್ತದೆ. ಪೂರ್ವದ ತುದಿಯ ಚಿಕ್ಕ ಭಾಗದಲ್ಲಿ ಪೂಜಾಪೀಠ. ಅದು ಪಾದ್ರಿಯ ಜಾಗ. ಇಂಗ್ಲಿಷಿನಲ್ಲಿ ಚಾನ್ಸೆಲ್ ಎನ್ನುತ್ತಾರೆ. ಅದರ ಪಶ್ಚಿಮಕ್ಕೆ ದೊಡ್ಡ ಅಂಗಣ, ಊರ ಜನ ಸೇರುವ ಜಾಗ. ಅದು ನೇವ್. ಪಶ್ಚಿಮದ ಕೊನೆಗೆ ಗಂಟೆಯ ಗೋಪುರ. ನಮ್ಮ ದೇವಾಲಯದ ಮಾತಿನಲ್ಲಿ ಹೇಳುವುದಾದರೆ ಚಾನ್ಸೆಲ್ ಎಂದರೆ ಗರ್ಭಗುಡಿ-ಸುಕನಾಸಿಯಂತೆ, ನೇವ್ ಎಂದರೆ ನವರಂಗದಂತೆ. ಪೂಜೆ ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿತ್ತು. ರೈತನಿಗೆ ಅದು ತಿಳಿಯುತ್ತಿರಲಿಲ್ಲ. ಕೂರಲು ಬೆಂಚುಗಳು ಬಂದದ್ದು ಎಷ್ಟೋ ಕಾಲದ ಮೇಲೆ. ಅದಕ್ಕೆ ಮೊದಲು ಬಹುಪಾಲು ಜನ ನಿಂತೇ ಇರುತ್ತಿದ್ದರು.

ಈ ಎರಡು ಭಾಗಗಳ ರಿಪೇರಿಯ ಹೊಣೆ ಇಬ್ಬರದಾಗಿತ್ತು ಎನ್ನುವುದು ಇಂಗ್ಲೆಂಡಿನ ಪ್ಯಾರಿಷ್ ಚರ್ಚುಗಳ ಒಂದು ಮುಖ್ಯ ನಿಯಮ. ಹತ್ತನೆಯ ಪಾಲನ್ನು ಪಡೆಯುವವರು ಚಾನ್ಸೆಲ್ ನೋಡಿಕೊಳ್ಳಬೇಕು. ನೇವ್ ನೋಡಿಕೊಳ್ಳುವುದು ಊರ ಜನರ ಕೆಲಸ. ಆದ್ದರಿಂದ ಚರ್ಚಿನ ಅಂಗಣ ದೊಡ್ಡದಾಯಿತು ಎಂದರೆ ಹೆಚ್ಚು ಜನರಿಗೆ ಜಾಗ ಬೇಕಾಗಿತ್ತು, ಅದಕ್ಕೆ ದುಡ್ಡು, ಕಲ್ಲು, ಗಾಡಿ, ಆಳು ಒದಗಿಸುವ ಶಕ್ತಿಯೂ ಊರಿಗೆ ಇತ್ತು ಎಂದು ತಿಳಿಯಬಹುದು. ಚಿಕ್ಕದಾಯಿತು ಎಂದರೆ ಅದಕ್ಕೆ ತಿರುಗುಮುರುಗು. ಹೀಗಾಗಿ ವಾರಮ್ ಪರ್ಸಿಯ ಚರ್ಚಿನ ಗೋಡೆಗಳು ಊರಿನ ಜನಗಣತಿಯ ಪುಸ್ತಕದಂತೆ ಇವೆ.

ಗೋಡೆ ಹೊರಗೆ ಸರಿದ ಕಾಲ

ಈ ಚರ್ಚಿನ ನೆಲವನ್ನು 1960-70ರ ದಶಕಗಳಲ್ಲಿ ಅಗೆದು ನೋಡಿದ ಪುರಾತತ್ತ್ವಜ್ಞರು ಒಂದರ ಕೆಳಗೆ ಒಂದರಂತೆ ಹಲವು ಚರ್ಚುಗಳ ಗುರುತುಗಳನ್ನು ಕಂಡರು. ಎಲ್ಲಕ್ಕಿಂತ ಕೆಳಗೆ ಮರದ ಕಂಬಗಳನ್ನು ನೆಟ್ಟಿದ್ದ ಗುಳಿಗಳು. 10ನೆಯ ಶತಮಾನದ ಮರದ ಚರ್ಚು ಅದೆಂದು ಅವರು ಗುರುತಿಸಿದರು. ಅದರ ಮೇಲೆ ಚಿಕ್ಕದೊಂದು ಕಲ್ಲಿನ ಚರ್ಚು, ಒಂದು ಅಂಗಣ, ಒಂದು ಪುಟ್ಟ ಚಾನ್ಸೆಲ್ ಅಷ್ಟೆ. ಆಮೇಲೆ ನಾರ್ಮನ್ನರ ಕಾಲದಲ್ಲಿ ಅದನ್ನೇ ದೊಡ್ಡದಾಗಿ ಕಟ್ಟಿದರು.

12ನೆಯ ಶತಮಾನದ ಕೊನೆಗೆ ಆ ಅಂಗಣವೂ ಸಾಲದಾಯಿತು. ದಕ್ಷಿಣದ ಕಡೆ ಒಂದು ಅಂಕಣ ಸೇರಿಸಿದರು. ಅದಾದ ಮೇಲೆ ಉತ್ತರದ ಕಡೆಗೂ ಒಂದು ಅಂಕಣ ಬಂತು. ಚಾನ್ಸೆಲ್ಲಿನ ಪಕ್ಕಕ್ಕೆ ಒಂದು ಚಿಕ್ಕ ಪ್ರಾರ್ಥನಾ ಕೋಣೆಯೂ ಸೇರಿತು.

ಇರುವ ಕಟ್ಟಡಕ್ಕೆ ಅಂಕಣ ಸೇರಿಸುವ ಬಗೆ ತಿಳಿಯಬೇಕಾದದ್ದು. ಹಳೆಯ ಗೋಡೆಯನ್ನು ಪೂರ್ತಿ ಕೆಡವುವುದಿಲ್ಲ. ಅದರಲ್ಲಿ ಸಾಲಾಗಿ ಕಮಾನುಗಳನ್ನು ಕೊರೆದು, ಕಮಾನುಗಳ ನಡುವೆ ದಪ್ಪ ಕಂಬಗಳನ್ನು ನಿಲ್ಲಿಸುತ್ತಾರೆ. ಮೇಲಿನ ಗೋಡೆಯ ಭಾರ, ಮಾಡಿನ ಭಾರ ಈಗ ಕಮಾನುಗಳ ಮೂಲಕ ಕಂಬಕ್ಕೆ ಇಳಿಯುತ್ತದೆ. ಆಚೆಗೆ ಒಂದಷ್ಟು ಅಡಿ ದೂರದಲ್ಲಿ ಹೊಸ ಗೋಡೆ ಎಬ್ಬಿಸಿ, ಹಳೆಯ ಗೋಡೆಯಿಂದ ಅದಕ್ಕೆ ಇಳಿಜಾರು ಮಾಡು ಹಾಕುತ್ತಾರೆ. ನಮ್ಮ ಕಡೆ ಮನೆಗೆ ಪಕ್ಕದಲ್ಲಿ ಮಾಡು ಇಳಿಸಿ ಪಡಸಾಲೆ ಮಾಡಿಕೊಳ್ಳುವುದೂ ಹೀಗೆಯೇ. ಒಳಗೆ ನಿಂತವನಿಗೆ ಗೋಡೆಯಿದ್ದ ಜಾಗದಲ್ಲಿ ಕಮಾನಿನ ಸಾಲು ಕಾಣುತ್ತದೆ, ಅದರಾಚೆ ಇನ್ನಷ್ಟು ಜನ ನಿಂತಿರುವುದು ಕಾಣುತ್ತದೆ.

ಇವು ಇಂಗ್ಲೆಂಡಿನ ಹಳ್ಳಿಗಳು ತುಂಬಿದ್ದ ಶತಮಾನಗಳು. ಜನಸಂಖ್ಯೆ ಏರುತ್ತಿತ್ತು. ಗೋಧಿ ಬಾರ್ಲಿಗೆ ಗಿರಾಕಿ ಇತ್ತು. ಹಿಂದೆ ಹುಲ್ಲುಗಾವಲಾಗಿದ್ದ ಗುಡ್ಡದ ನೆಲಕ್ಕೂ ನೇಗಿಲು ಹೂಡಿದ್ದರು. ವಾರಮ್ ಪರ್ಸಿಯಲ್ಲಿ ಒಡೆಯರ ದೊಡ್ಡ ಮನೆ ಎರಡಿದ್ದವು. ಕೊಳದ ಹತ್ತಿರ ನೀರಿನಿಂದ ತಿರುಗುವ ಗಿರಣಿ ಇತ್ತು. ಭಾನುವಾರ ಐದೂ ಊರಿನವರು ಬಂದು ಸೇರಿದರೆ ಆ ಎರಡು ಅಂಕಣಗಳೂ ತುಂಬುತ್ತಿದ್ದಿರಬೇಕು.

ಗೋಡೆ ಒಳಗೆ ಸರಿದ ಕಾಲ

1348ರಲ್ಲಿ ಇಂಗ್ಲೆಂಡಿಗೆ ಪ್ಲೇಗ್ ಬಂತು. ಮರುವರ್ಷ ಯಾರ್ಕ್ ಸೀಮೆಗೆ ತಲಪಿತು. ದೇಶದ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಜನ ಸತ್ತರು. ಕಪ್ಪು ಸಾವು ಎಂದು ಪಠ್ಯಪುಸ್ತಕದಲ್ಲಿ ಓದುವುದು ಇದನ್ನೇ. 1898ರಿಂದ ಮೈಸೂರು ಸಂಸ್ಥಾನದಲ್ಲಿ ಹಬ್ಬಿ, ಜನ ಮನೆಮಾರು ಬಿಟ್ಟು ಊರಾಚೆ ಗುಡಿಸಲು ಹಾಕಿಕೊಳ್ಳುವಂತೆ ಮಾಡಿದ ಪ್ಲೇಗೂ ಇದೇ ಜಾತಿಯ ಕ್ರಿಮಿಯಿಂದ ಬಂದದ್ದು.

ಹಾಳೂರು ಎಂದ ಕೂಡಲೇ ನಾವು ಮಾರಿಯಿಂದ ಊರೆಲ್ಲ ಸತ್ತಿತು ಎಂದುಕೊಳ್ಳುತ್ತೇವೆ. ವಾರಮ್ ಪರ್ಸಿಯ ಬಗ್ಗೆಯೂ ಹಿಂದೆ ಹಾಗೆಯೇ ಭಾವಿಸಿದವರಿದ್ದರು. ದಾಖಲೆಗಳು ಬೇರೆ ಮಾತು ಹೇಳುತ್ತವೆ. ಪ್ಲೇಗ್ ಹೋಗಿ ಸುಮಾರು 20 ವರ್ಷಗಳ ಮೇಲೆಯೂ ಅಲ್ಲಿ ಸುಮಾರು 30 ಮನೆಗಳಲ್ಲಿ ಜನ ಇದ್ದರು. ಊರು ಏಟು ತಿಂದು ಬದುಕಿತ್ತು.

ಊರನ್ನು ಕೊಂದದ್ದು ಅದರ ನಂತರದ ನೂರು ವರ್ಷಗಳ ಲೆಕ್ಕಾಚಾರ. ಜನ ಕಡಿಮೆಯಾದ್ದರಿಂದ ಕೂಲಿ ಏರಿತು. ಕಾಳಿನ ಬೆಲೆ ಇಳಿಯಿತು. ಉಣ್ಣೆಗೆ, ಬಟ್ಟೆಗೆ ಮಾತ್ರ ಬೇಡಿಕೆ ಇತ್ತು. ಉಳುವ ಹೊಲಕ್ಕೆ ಹತ್ತಾರು ಆಳು ಬೇಕು. ಅದೇ ಹೊಲವನ್ನು ಹುಲ್ಲಿಗೆ ಬಿಟ್ಟರೆ ಒಬ್ಬ ಕುರುಬ, ಒಂದು ನಾಯಿ ಸಾಕು. 15ನೆಯ ಶತಮಾನದ ಆರಂಭದಲ್ಲಿ ಊರು ಪರ್ಸಿಗಳಿಂದ ಹಿಲ್ಟನ್ ಎಂಬ ಮನೆತನಕ್ಕೆ ಕೈ ಬದಲಾಯಿತು. ಮನೆಗಳು ಒಂದೊಂದಾಗಿ ಖಾಲಿಯಾದವು. ಶತಮಾನದ ನಡುವಿನ ಹೊತ್ತಿಗೆ ಮನೆಗಳ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಕೊನೆಗೆ 1500ರ ಆಸುಪಾಸಿನಲ್ಲಿ, ಉಳಿದಿದ್ದ ನಾಲ್ಕು ಸಂಸಾರಗಳನ್ನೂ ಒಡೆಯ ಎಬ್ಬಿಸಿ ಕಳಿಸಿದ. ಮನೆಗಳನ್ನು ಕೆಡವಿಸಿದ. 1517ರಲ್ಲಿ ಸರ್ಕಾರ ಹೀಗೆ ಹಳ್ಳಿಗಳನ್ನು ಖಾಲಿ ಮಾಡಿಸಿದವರ ಮೇಲೆ ವಿಚಾರಣೆ ನಡೆಸಿತು. ಈ ನಾಲ್ಕು ಮನೆಗಳ ಸಂಗತಿ ನಮಗೆ ತಿಳಿದಿರುವುದು ಆ ವಿಚಾರಣೆಯ ಕಡತದಿಂದ. 'ಹಾಳೂರಿಗೆ ಉಳಿದವನೇ ಗೌಡ' ಎಂಬ ಗಾದೆ ನಮ್ಮಲ್ಲಿದೆ. ವಾರಮ್ ಪರ್ಸಿಯಲ್ಲಿ ಗೌಡನಾಗಲೂ ಯಾರೂ ಉಳಿಯಲಿಲ್ಲ.

ಇದೇ ಕಾಲದಲ್ಲಿ ಚರ್ಚಿನ ಗೋಡೆಗಳೂ ಒಳಗೆ ಸರಿದವು. 15-16ನೆಯ ಶತಮಾನಗಳಲ್ಲಿ ಎರಡೂ ಅಂಕಣಗಳನ್ನು ಕೆಡವಿದರು. ಹಿಂದೆ ಕೊರೆದಿದ್ದ ಕಮಾನುಗಳಿಗೆ ಕಲ್ಲು ತುಂಬಿಸಿ ಮತ್ತೆ ಗೋಡೆ ಮಾಡಿದರು. 17ನೆಯ ಶತಮಾನದಲ್ಲಿ ಚಾನ್ಸೆಲ್ಲನ್ನೂ ಮೊಟಕು ಮಾಡಿದರು. ಇಂದು ಆ ಗೋಡೆಯ ಮುಂದೆ ನಿಂತರೆ ಮುಚ್ಚಿದ ಕಮಾನುಗಳ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಕಮಾನಿನ ಕಲ್ಲು ಬೇರೆ, ಅದರ ಹೊಟ್ಟೆಗೆ ತುಂಬಿದ ಕಲ್ಲು ಬೇರೆ. ಕಮಾನು ಜನ ಹೆಚ್ಚಿದ್ದ ಕಾಲದ್ದು, ತುಂಬಿದ ಕಲ್ಲು ಜನ ಕರಗಿದ ಕಾಲದ್ದು. ಮುನ್ನೂರು ನಾನೂರು ವರ್ಷಗಳ ಏರಿಳಿತ ಒಂದೇ ಗೋಡೆಯಲ್ಲಿದೆ.

ಊರಿಲ್ಲದ ಚರ್ಚು

ಊರು ಹೋದ ಮೇಲೆ ಚರ್ಚು ಬೀಳಬೇಕಾಗಿತ್ತು. ಬೀಳಲಿಲ್ಲ. ಸುಮಾರು 450 ವರ್ಷ ಮತ್ತೆ ನಡೆಯಿತು. ಪ್ಯಾರಿಷ್ ಐದು ಊರಿನದು ಎಂದು ಮೊದಲೇ ಹೇಳಿದೆನಲ್ಲ, ಗುಟ್ಟು ಅಲ್ಲಿದೆ. ಐದರಲ್ಲಿ ನಾಲ್ಕು ಊರುಗಳು ಹಾಳಾದವು. ಥಿಕ್ಸೆಂಡೇಲ್ ಒಂದು ಉಳಿಯಿತು. ಆ ಊರಿನ ಜನ ಕಣಿವೆಯ ದಾರಿಯಲ್ಲಿ ಮೈಲಿಗಟ್ಟಲೆ ನಡೆದು ಈ ಚರ್ಚಿಗೇ ಬರುತ್ತಿದ್ದರು. ಮಗುವನ್ನು ಎತ್ತಿಕೊಂಡು ದೀಕ್ಷಾಸ್ನಾನಕ್ಕೆ ಬಂದರು, ಹೆಣ ಹೊತ್ತು ಮಣ್ಣಿಗೆ ಬಂದರು. ಅವರಿಗೆ ಬೇಕಾದಷ್ಟು ಜಾಗ ಉಳಿಸಿಕೊಂಡು ಚರ್ಚು ಸಣ್ಣದಾಗಿ ಬದುಕಿತು.

1870ರಲ್ಲಿ ಥಿಕ್ಸೆಂಡೇಲಿನಲ್ಲೇ ಹೊಸ ಚರ್ಚು ಕಟ್ಟಿದರು. ಮಳೆ ಹಿಮದಲ್ಲಿ ನಡೆಯುತ್ತಿದ್ದವರಿಗೆ ಅದು ಒಳ್ಳೆಯದೇ ಆಯಿತು. ಆದರೆ ಹಳೆಯ ಚರ್ಚಿಗೆ ಬರುವ ದಾರಿಯಲ್ಲಿ ಹುಲ್ಲು ಬೆಳೆಯಿತು. ಹಾಗೂ ಹೀಗೂ ಎಂಬತ್ತು ವರ್ಷ ತಳ್ಳಿ, 1949ರಲ್ಲಿ ಅಲ್ಲಿ ಕೊನೆಯ ಬಾರಿಗೆ ಕ್ರಮವಾದ ಪ್ರಾರ್ಥನೆ ನಡೆಯಿತು. ಅದಾದ ಮೇಲೆ ನಡೆದದ್ದು ಬಹಳ ಬೇಗ. ಮಾಡಿಗೆ ಹೊದಿಸಿದ್ದ ಸೀಸದ ತಗಡು ಕಳುವಾಯಿತು. ನೀರು ಒಳಗೆ ಇಳಿಯಿತು. 1959ರ ಬಿರುಗಾಳಿಗೆ ಗೋಪುರದ ಒಂದು ಭಾಗ ಕುಸಿಯಿತು. ಎಂಟುನೂರು ವರ್ಷ ಪ್ಲೇಗು, ಒಕ್ಕಲೆಬ್ಬಿಸುವಿಕೆ, ಧರ್ಮದ ಜಗಳಗಳನ್ನೆಲ್ಲ ತಡೆದುಕೊಂಡು ನಿಂತ ಕಟ್ಟಡ, ಜನ ಬರುವುದು ನಿಂತ ಹತ್ತೇ ವರ್ಷಕ್ಕೆ ಹಾಳಾಯಿತು.

ನಲವತ್ತು ಬೇಸಿಗೆ

ಚರ್ಚು ಮುಚ್ಚಿದ ಹೊತ್ತಿನಲ್ಲೇ ಇನ್ನೊಂದು ಕೆಲಸ ಅಲ್ಲಿ ಶುರುವಾಯಿತು. ಮಾರಿಸ್ ಬೆರೆಸ್‌ಫೋರ್ಡ್ ಎಂಬವರು ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಆರ್ಥಿಕ ಇತಿಹಾಸ ಕಲಿಸುತ್ತಿದ್ದವರು. ಹಳೆಯ ನಕ್ಷೆ, ತೆರಿಗೆಯ ಪಟ್ಟಿ ಓದುತ್ತಾ ಹೋದಂತೆ ಅವರಿಗೆ ಹೆಸರು ಮಾತ್ರ ಉಳಿದ ಹಳ್ಳಿಗಳು ಸಾಲು ಸಾಲಾಗಿ ಸಿಕ್ಕವು. 1950ರಲ್ಲಿ ಅವರು ವಾರಮ್ ಪರ್ಸಿಯಲ್ಲಿ ಅಗೆಯಲು ಆರಂಭಿಸಿದರು. ಕೆಲವೇ ವರ್ಷಗಳಲ್ಲಿ ಜಾನ್ ಹರ್ಸ್ಟ್ ಎಂಬ ಪುರಾತತ್ತ್ವಜ್ಞರು ಜೊತೆಗೂಡಿದರು. ಆಮೇಲೆ ಪ್ರತಿ ವರ್ಷ ಬೇಸಿಗೆಯ ಕೆಲವು ವಾರ, 1990ರವರೆಗೆ, ಉತ್ಖನನ ನಡೆಯಿತು. ವಿದ್ಯಾರ್ಥಿಗಳು, ಸುತ್ತಮುತ್ತಲಿನವರು, ಆಸಕ್ತಿ ಇದ್ದವರೆಲ್ಲ ಸ್ವಂತ ಇಚ್ಛೆಯಿಂದ ಬಂದು ಮಣ್ಣು ಜರಡಿ ಹಿಡಿದರು.

ಅದುವರೆಗೆ ಪುರಾತತ್ತ್ವವೆಂದರೆ ಕೋಟೆ, ಅರಮನೆ, ಮಠಗಳನ್ನು ಅಗೆಯುವುದೆಂದೇ ಹೆಚ್ಚಿನವರು ತಿಳಿದಿದ್ದರು. ಬಡ ರೈತನ ಗುಡಿಸಲಿನಲ್ಲಿ ಏನು ಸಿಕ್ಕೀತು ಎಂಬ ಉದಾಸೀನವಿತ್ತು. ವಾರಮ್ ಪರ್ಸಿಯಲ್ಲಿ ಮನೆಗಳನ್ನು ಸಣ್ಣ ಗುಂಡಿ ತೋಡಿ ನೋಡುವ ಬದಲು, ಒಂದು ಮನೆಯ ನೆಲವನ್ನು ಪೂರ್ತಿಯಾಗಿ ತೆರೆದು, ಪದರ ಪದರವಾಗಿ ಬಿಡಿಸಿ ನೋಡಿದರು. ಒಂದೇ ಜಾಗದಲ್ಲಿ ತಲೆಮಾರಿನ ಮೇಲೆ ತಲೆಮಾರು ಮನೆ ಕೆಡವಿ ಕಟ್ಟಿದ್ದು ತಿಳಿಯಿತು. ಇಂಗ್ಲೆಂಡಿನ ಹಳ್ಳಿಯ ಇತಿಹಾಸ ಬರೆಯುವ ರೀತಿಯೇ ಇದರಿಂದ ಬದಲಾಯಿತು.

ಮೂಳೆಗಳು ಹೇಳಿದ್ದು

ಚರ್ಚಿನ ಒಳಗೂ ಅಂಗಳದಲ್ಲೂ ಅಗೆದಾಗ ಏಳುನೂರಕ್ಕೆ ಹತ್ತಿರ ಅಸ್ಥಿಪಂಜರಗಳು ಸಿಕ್ಕವು. ಬಹುಪಾಲು ಹೆಸರಿಲ್ಲದ ರೈತರು, ಅವರ ಹೆಂಡಿರು, ಮಕ್ಕಳು. ವಿಜ್ಞಾನಿಗಳು ಇವುಗಳನ್ನು ಹಲವು ವರ್ಷ ಅಭ್ಯಾಸ ಮಾಡಿದರು. ತಾಯಂದಿರು ಮಗುವಿಗೆ ಸುಮಾರು ಒಂದೂವರೆ ವರ್ಷದವರೆಗೆ ಹಾಲೂಡುತ್ತಿದ್ದರು ಎನ್ನುವುದು ಮಕ್ಕಳ ಮೂಳೆಯ ರಾಸಾಯನಿಕ ಪರೀಕ್ಷೆಯಿಂದ ತಿಳಿಯಿತು. ಸುಮಾರು 1,000 ವರ್ಷ ಹಿಂದಿನ ಒಬ್ಬ ಗಂಡಸಿನ ತಲೆಬುರುಡೆಯಲ್ಲಿ ಬಲವಾದ ಪೆಟ್ಟಿನ ಗುರುತಿತ್ತು. ಅದರ ಸುತ್ತ ಮೂಳೆಯನ್ನು ಕೆರೆದು ತೆಗೆದು ಚಿಕಿತ್ಸೆ ಮಾಡಿದ್ದರು, ಗಾಯ ಮಾಯ್ದಿತ್ತು. ಹಳ್ಳಿಯಲ್ಲೂ ಅಂಥ ಕೈಚಳಕ ತಿಳಿದವರು ಸಿಗುತ್ತಿದ್ದರು ಎಂದಾಯಿತು.

ಶಿಕ್ಷಕರಾದ ನಮ್ಮ ಮನಸ್ಸಿನಲ್ಲಿ ನಿಲ್ಲುವುದು ಮಕ್ಕಳ ಎತ್ತರದ ಸಂಗತಿ. ಹಲ್ಲಿನಿಂದ ವಯಸ್ಸನ್ನು, ತೊಡೆಯ ಮೂಳೆಯಿಂದ ಎತ್ತರವನ್ನು ಲೆಕ್ಕ ಹಾಕಬಹುದು. ವಾರಮ್ ಪರ್ಸಿಯ ಹತ್ತು ವರ್ಷದ ಮಗು ಇಂದಿನ ಅದೇ ವಯಸ್ಸಿನ ಮಗುವಿಗಿಂತ ಸುಮಾರು 20 ಸೆಂಟಿಮೀಟರ್ ಗಿಡ್ಡವಾಗಿತ್ತು. ಹೊಟ್ಟೆಗೆ ಸಾಲದ್ದು, ಮತ್ತೆ ಮತ್ತೆ ಕಾಯಿಲೆ ಬಿದ್ದದ್ದು ಇದರ ಕಾರಣ. ಗೋಧಿ ಬಾರ್ಲಿ ಬೆಳೆದ ಊರಿನ ಮಗು ಅದು. ಅದರ ಪಾಲಿನಲ್ಲಿ ಒಡೆಯನಿಗೆ ಎಷ್ಟು ಹೋಯಿತು, ಹತ್ತನೆಯ ಪಾಲಾಗಿ ಎಷ್ಟು ಹೋಯಿತು ಎಂದು ಯೋಚಿಸಿದಾಗ ಊಳಿಗಮಾನ್ಯ ಪದ್ಧತಿಯ ಪಾಠ ಬೇರೆ ರೀತಿ ಅರ್ಥವಾಗುತ್ತದೆ. ನಮ್ಮ ಶಾಲೆಯಲ್ಲಿ ಆರೋಗ್ಯ ತಪಾಸಣೆಯ ದಿನ ಮಕ್ಕಳನ್ನು ಸಾಲಾಗಿ ಗೋಡೆಗೆ ಒರಗಿಸಿ ಎತ್ತರ ಅಳೆದು ಕಾರ್ಡಿನಲ್ಲಿ ಬರೆಯುತ್ತೇವೆ. ಬಿಸಿಯೂಟದ ಅಕ್ಕಿ ಬೇಳೆಯ ಲೆಕ್ಕ ಇಡುತ್ತೇವೆ. ಬೇಸರದ ಕೆಲಸ ಎನಿಸಿದಾಗ ಆ ಮಗುವನ್ನು ನೆನೆಯಬಹುದು.

ನಮ್ಮ ಕಟ್ಟಡದ ಲೆಕ್ಕ

ಈ ಲೇಖನ ಬರೆಯಲು ಇನ್ನೊಂದು ಕಾರಣವಿದೆ ಎಂದಿದ್ದೆ. ವಾರಮ್ ಪರ್ಸಿಯಲ್ಲಿ ಐದಾರು ನೂರು ವರ್ಷ ಜನ ಬಾಳಿದರು. ಕಮಾನು ಕಟ್ಟಲು ಕಲ್ಲು ಹೊತ್ತವರು, ಗಾಡಿ ಕೊಟ್ಟವರು, ಕಾಸು ಕೊಟ್ಟವರು ಇದ್ದರು. ಅವರಲ್ಲಿ ತಮ್ಮ ಊರಿನ ಕಥೆಯನ್ನು ತಾವೇ ಬರೆದಿಟ್ಟವರು ಒಬ್ಬರೂ ಇಲ್ಲ. ಬರೆದದ್ದೆಲ್ಲ ತೆರಿಗೆಯವರು, ಒಡೆಯರ ಗುಮಾಸ್ತರು, ವಿಚಾರಣೆಯ ಅಧಿಕಾರಿಗಳು. ಹೀಗಾಗಿ ಆ ಊರಿನ ಬಾಳನ್ನು ತಿಳಿಯಲು ಹೊರಗಿನವರು ಬಂದು 40 ವರ್ಷ ಮಣ್ಣು ಅಗೆಯಬೇಕಾಯಿತು. ಆದರೂ ಕಮಾನು ಕಟ್ಟಿದ ಒಬ್ಬ ರೈತನ ಹೆಸರೂ ಸಿಗಲಿಲ್ಲ.

ನಮ್ಮ ಶಾಲೆಯೂ ಹಲವು ಹಳ್ಳಿಗಳಿಗೆ ಸೇರಿದ ಕಟ್ಟಡ. ಮೊದಲು ಎರಡು ಕೋಣೆ, ಆಮೇಲೆ ಮತ್ತೆರಡು, ಅದಾದ ಮೇಲೆ ಪ್ರಯೋಗಾಲಯ, ರಂಗಮಂದಿರ ಎಂದು ಇದೂ ಅಂಕಣದ ಮೇಲೆ ಅಂಕಣ ಸೇರಿಸಿಕೊಂಡು ಬೆಳೆದಿದೆ. ಹಂಚಿನ ಮಾಡು ಮುಗಿದು ತಾರಸಿ ಶುರುವಾಗುವ ಜಾಗದಲ್ಲಿ ನಿಂತು ನೋಡಿದರೆ ಯಾವುದು ಯಾವ ಕಾಲದ್ದು ಎಂದು ತಿಳಿಯುತ್ತದೆ. ಕೋಣೆ ಸಾಲದೆ ಮರದ ನೆರಳಿನಲ್ಲಿ ತರಗತಿ ನಡೆದ ವರ್ಷಗಳಿದ್ದವು. ಇಂದು ಬೀಗ ಹಾಕಿದ ಕೋಣೆಗಳಿವೆ. ಸುತ್ತಲಿನ ಊರುಗಳಿಂದ ಸಂಸಾರಗಳು ಬೆಂಗಳೂರಿಗೆ ಹೋಗಿವೆ. ಇಲ್ಲೇ ಉಳಿದವರ ಮಕ್ಕಳಲ್ಲೂ ಅನೇಕರು ಬೆಳಿಗ್ಗೆ ಹಳದಿ ಬಸ್ಸು ಹತ್ತಿ ಪಟ್ಟಣದ ಶಾಲೆಗಳಿಗೆ ಹೋಗುತ್ತಾರೆ. ತಂದೆತಾಯಿಗಳನ್ನು ದೂರುವ ಮಾತಲ್ಲ ಇದು. ಹತ್ತಿರದಲ್ಲೇ ಹೊಸ ಚರ್ಚು ಬಂದಾಗ ಥಿಕ್ಸೆಂಡೇಲಿನವರು ಅಲ್ಲಿಗೆ ಹೋದದ್ದರಲ್ಲಿ ತಪ್ಪೇನಿತ್ತು? ಆದರೆ ಅದರಿಂದ ಹಳೆಯ ಕಟ್ಟಡಕ್ಕೆ ಏನಾಯಿತು ಎನ್ನುವುದನ್ನು ನಾವು ತಿಳಿದಿರಬೇಕು. ಸಾರ್ವಜನಿಕ ಕಟ್ಟಡಕ್ಕೆ ಸುಣ್ಣಬಣ್ಣ ಬೇಕು, ಅನುದಾನ ಬೇಕು, ಎಲ್ಲಕ್ಕಿಂತ ಮೊದಲು ಅದರೊಳಗೆ ಬರುವ ಜನ ಬೇಕು.

ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ಎರಡು ಮನವಿ. ಒಂದು, ಮಹೋತ್ಸವಕ್ಕೆ ಬಂದು ಊಟ ಮಾಡಿ, ಫೋಟೋ ತೆಗೆಸಿಕೊಂಡು ಹೋದಮೇಲೂ ವರ್ಷಕ್ಕೊಮ್ಮೆಯಾದರೂ ಶಾಲೆಯ ಕಡೆ ಬನ್ನಿ. ಒಂದು ದಿನ ಒಂದು ತರಗತಿಯಲ್ಲಿ ನಿಮ್ಮ ಕೆಲಸದ ಬಗ್ಗೆ ಮಕ್ಕಳಿಗೆ ಹೇಳಿ. ನಿಮ್ಮ ಅಣ್ಣತಮ್ಮಂದಿರ ಮಕ್ಕಳನ್ನು ಇಲ್ಲಿಗೆ ಸೇರಿಸುವ ಮಾತು ಮನೆಯಲ್ಲಿ ಬಂದಾಗ ಈ ಶಾಲೆಯ ಪರವಾಗಿ ಒಂದು ಮಾತಾಡಿ.

ಎರಡು, ನಿಮಗೆ ಗೊತ್ತಿರುವುದನ್ನು ಬರೆದುಕೊಡಿ. ಜಾಗ ಕೊಟ್ಟವರು ಯಾರು, ಮೊದಲ ಕೋಣೆಗೆ ಮರ ಎಲ್ಲಿಂದ ಬಂತು, ಶ್ರಮದಾನದಲ್ಲಿ ಕಲ್ಲು ಹೊತ್ತವರು ಯಾರು, ನೀರು ಸೇದುತ್ತಿದ್ದ ಬಾವಿ ಎಲ್ಲಿತ್ತು, ಮೊದಲ ತಂಡದಲ್ಲಿ ಹೆಣ್ಣುಮಕ್ಕಳು ಎಷ್ಟು ಜನ ಇದ್ದರು, ಹೊಳೆ ತುಂಬಿದಾಗ ಆಚೆ ದಡದ ಊರಿನ ಮಕ್ಕಳು ಹೇಗೆ ಬರುತ್ತಿದ್ದರು. ದಾಖಲಾತಿ ವಹಿಯಲ್ಲಿ ಹೆಸರು, ಜನ್ಮದಿನಾಂಕ ಮಾತ್ರ ಇರುತ್ತದೆ. ಉಳಿದದ್ದು ನಿಮ್ಮ ನೆನಪಿನಲ್ಲಿದೆ. ಹಿರಿಯರು ಬರೆಯಲಾಗದಿದ್ದರೆ ಮೊಮ್ಮಕ್ಕಳು ಕೇಳಿ ಬರೆದುಕೊಳ್ಳಲಿ. ಅಕ್ಷರ ಚೆನ್ನಾಗಿರಬೇಕೆಂದಿಲ್ಲ. ಒಂದು ಹಾಳೆಯಾದರೂ ಸಾಕು.

ಇದಕ್ಕಾಗಿ ಶಾಲೆಯ ಗ್ರಂಥಾಲಯದಲ್ಲಿ ಗಟ್ಟಿ ರಟ್ಟಿನ ಒಂದು ದೊಡ್ಡ ಪುಸ್ತಕ ಇಡಬೇಕೆಂದು ನನ್ನ ಸಲಹೆ. ಮೊದಲ ಪುಟದಲ್ಲಿ ಕಟ್ಟಡದ ನಕ್ಷೆ ಬರೆದು, ಪ್ರತಿ ಕೋಣೆಗೂ ಒಂದು ಸಂಖ್ಯೆ ಕೊಟ್ಟು, ಆ ಕೋಣೆಯ ಕಥೆಗೆ ಒಂದೊಂದು ಪುಟ ಬಿಡೋಣ. ಒಂಬತ್ತನೆಯ ತರಗತಿಯ ಮಕ್ಕಳೇ ನಕ್ಷೆ ಅಳೆದು ಬರೆಯಬಲ್ಲರು. ಬೀಗ ಹಾಕಿದ ಕೋಣೆಗಳನ್ನೂ ಅಂದು ತೆಗೆಸಿ, ಗುಡಿಸಿ, ಅಳೆಯೋಣ.